ದಾರಿಯುದ್ದಕ್ಕೂ ನೆಂಟರು

ಕೆದಂಬಾಡಿಯ ಮಹೇಶ್ವರನ ಮೋಟಾರು ಸೈಕಲ್ಲು ಯುದ್ಧ ನೋಡಿ ಬಂದದ್ದು. ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ ಮೇಲೆ ಎರಡು ಮೂರು ಕೈ ದಾಟಿ ಅವನ ಕೊಟ್ಟಿಗೆಗೆ ಬಂದಿತ್ತು. ಸದ್ದಿನಲ್ಲಿ ಅದನ್ನು ಸೋಲಿಸುವ ಗಾಡಿ ಪುತ್ತೂರಿನಲ್ಲಿ ಇರಲಿಲ್ಲ, ವೇಗದಲ್ಲಿ ಅದಕ್ಕೆ ಸೋಲುವ ಗಾಡಿಯೂ ಇರಲಿಲ್ಲ. ಹಾಗಾಗಿ ಗೆಳೆಯರು ಆರು ಮಂದಿ ಗಾಡಿ ಕಟ್ಟಿಕೊಂಡು ತಿರುಗಾಟ ಹೊರಟಾಗಲೆಲ್ಲ ಮಹೇಶ್ವರ ಕೊನೆಯವನು. ಮುಂದಿನ ಐವರು ಎಬ್ಬಿಸಿದ ಕೆಂಪು ಧೂಳನ್ನೆಲ್ಲ ಕುಡಿದು ಅವನು ಮನೆಗೆ ಬಂದರೆ ಹೆಂಡತಿ ಗೋದಾವರಿ ಬಾವಿಕಟ್ಟೆಯಿಂದ ಆಚೆಗೆ ಬಿಡುತ್ತಿರಲಿಲ್ಲ.

ಈ ಆರು ಮಂದಿಯಲ್ಲಿ ಒಂದು ಕಟ್ಟಳೆ ಇತ್ತು. ಹೊಸ ದಾರಿಯನ್ನು ಮೊದಲೇ ಹೋಗಿ ನೋಡಿ ಬಂದವನು ಯಾರೋ, ತಿರುಗಾಟದ ದಿನ ಅವನ ಗಾಡಿ ಮುಂದೆ. ಅದು ಆಮೆಯ ಹಾಗೆ ಹೋದರೂ ಸರಿ, ಉಳಿದವರು ಹಿಂದೆಯೇ ಬರಬೇಕು. ಪುತ್ತೂರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಶ್ಯಾಮ ಹೊಸ ಜಾವಾ ತೆಗೆದವನೇ ಸುಳ್ಯದ ಮೇಲಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿ ನೋಡಿ ಬಂದಿದ್ದ. ಅಲ್ಲಿಂದ ಮುಂದೆ ಯಾವ ತಿರುಗಾಟವಿದ್ದರೂ ಸಂಪಾಜೆಯೇ, ಮುಂದೆ ಶ್ಯಾಮನೇ.

ಅರವತ್ತನಾಲ್ಕನೇ ಇಸವಿಯ ಚಳಿಗಾಲದಲ್ಲಿ, ಸಾಹುಲ್ ಹಮೀದನ ಅಡಿಕೆ ಮಂಡಿಯಲ್ಲಿ ಎಲ್ಲರೂ ಕೂತಿದ್ದಾಗ ಮಹೇಶ್ವರ ಬಾಯಿಬಿಟ್ಟ.

"ಈ ಸಲ ಕಡಬದ ಮೇಲೆ ಹೋಗುವ. ಸುಬ್ರಹ್ಮಣ್ಯದಿಂದ ಆಚೆ ಬಿಸಿಲೆಗೆ ಒಂದು ಮಣ್ಣಿನ ದಾರಿ ಉಂಟು, ಮರದ ಲಾರಿ ಹೋಗುದು. ನಾನು ನೋಡಿ ಬರ್ತೇನೆ."

"ನಿನ್ನ ಗಾಡಿ ಘಾಟಿ ಏರ್ತದಾ ಮಾರಾಯ?" ಶ್ಯಾಮ ನಕ್ಕ. "ನೀನು ತಳ್ಳುದು, ನಾವು ಹಿಂದಿನಿಂದ ನೋಡುದಾ?"

"ನೋಡಿ ಬರ್ಲಿ ಬಿಡಿ," ಎಂದ ಮಂಡೆಕೋಲಿನ ಕುಶಾಲಪ್ಪ. ಅವನದು ಬುಲೆಟ್ಟು, ಮಾತು ಕಡಿಮೆ. "ಸಂಪಾಜೆ ಘಾಟಿ ನಂಗೆ ಮನೆ ಮೆಟ್ಲಿನ ಹಾಗೆ ಆಗಿದೆ."

ಮಹೇಶ್ವರನಿಗೆ ಅಷ್ಟೇ ಬೇಕಿತ್ತು. ಜನ್ಮದಲ್ಲಿ ಒಂದು ಸಲ, ಮುಂದೆ ಒಂದು ಗಾಡಿಯೂ ಇಲ್ಲದ ದಾರಿಯಲ್ಲಿ, ಹಿಂದೆ ಐದು ಗಾಡಿಗಳ ಸದ್ದು ಕೇಳುತ್ತಾ ಘಾಟಿ ಹತ್ತಬೇಕು. ಶ್ಯಾಮ ತನ್ನ ಧೂಳು ಕುಡಿಯಬೇಕು. ಮೂವತ್ತೆಂಟರ ಪ್ರಾಯಕ್ಕೆ ಇದು ಸಣ್ಣ ಆಸೆ ಅಂತ ಅವನಿಗೂ ಗೊತ್ತಿತ್ತು, ಆದರೆ ಆಸೆ ಪ್ರಾಯ ಕೇಳಿಕೊಂಡು ಹುಟ್ಟುತ್ತದೆಯೇ?

ಹೊರಡುವಾಗ ಅವನು ಪೆಟ್ರೋಲು ನೋಡಿದ, ಟಯರು ನೋಡಿದ. ನೋಡದೇ ಹೋದದ್ದು ಒಂದೇ. ಕೆದಂಬಾಡಿಯಿಂದ ಕಡಬದವರೆಗೆ ಆ ದಾರಿಯುದ್ದಕ್ಕೂ ಅವನ ನೆಂಟರ ಮನೆಗಳು, ಸರದಲ್ಲಿ ಪೋಣಿಸಿದ ಹಾಗೆ.

ಕಾಣಿಯೂರಿನ ಹತ್ತಿರ ಕೌಸಲ್ಯಾ ಚಿಕ್ಕಮ್ಮನ ಮನೆ. ಮಹೇಶ್ವರನ ಗಾಡಿಯ ಸದ್ದು ಅವರಿಗೆ ಅರ್ಧ ಮೈಲಿನಿಂದಲೇ ಗುರುತು. ಅವನು ತಿರುವು ಮುಗಿಸುವಷ್ಟರಲ್ಲಿ ಅವರ ತೋಟದ ಕೆಲಸದ ಚೆನ್ನು ರಸ್ತೆಯ ನಡುವೆ ಕೈ ಅಗಲಿಸಿ ನಿಂತಿದ್ದಳು.

"ಅಮ್ಮ ಕರೀತಾರೆ. ಬಿಡ್ಬಾರ್ದಂತೆ."

ಬೆಲ್ಲ ನೀರು ಬಂತು. ಆಮೇಲೆ ಮಜ್ಜಿಗೆ ಬಂತು. ಮಹೇಶ್ವರ ಎದ್ದರೆ ಚಿಕ್ಕಮ್ಮನ ಮುಖ ಬಾಡಿತು.

"ಊಟದ ಹೊತ್ತಿಗೆ ಹೊರಡುದಾ? ನಿನ್ನ ಅಪ್ಪ ಇದ್ದಿದ್ರೆ ಹೀಗೆ ಹೋಗ್ತಿದ್ನಾ?"

ಊಟಕ್ಕೆ ಇನ್ನೂ ಎರಡು ಗಂಟೆ ಇತ್ತು. ಆದರೆ ಸತ್ತ ಅಪ್ಪನನ್ನು ತಂದು ನಡುವೆ ನಿಲ್ಲಿಸಿದ ಮೇಲೆ ಮಾತಿಲ್ಲ. ಎಳೆ ಹಲಸಿನ ಗುಜ್ಜೆ ಪಲ್ಯ, ಹಲಸಿನ ಹಪ್ಪಳ, ಮೇಲಿಂದ ಮಲಗಲು ಚಾಪೆ. ಎದ್ದಾಗ ಬಿಸಿಲು ಅಡಿಕೆ ಮರದ ತುದಿಯಲ್ಲಿತ್ತು. ಅವನು ಹಲ್ಲು ಕಚ್ಚಿಕೊಂಡು ಮನೆಗೆ ತಿರುಗಿದ.

ಮರುವಾರ ಕತ್ತಲಿರುವಾಗಲೇ ಹೊರಟು, ಚಿಕ್ಕಮ್ಮನ ಮನೆಯ ಮೇಲಿನ ಇಳಿಜಾರಿನಲ್ಲಿ ಎಂಜಿನು ಆರಿಸಿ, ಕಳ್ಳನ ಹಾಗೆ ಜಾರಿದ. ಗೆದ್ದೆ ಅಂದುಕೊಂಡ. ಆದರೆ ಇಳಿಜಾರಿನ ಮುಂದೆ ಏರು ಇರುತ್ತದಲ್ಲ. ಏರಿನ ತಲೆಯಲ್ಲಿ ಅವನ ಅಕ್ಕನ ಗಂಡನ ಮನೆ.

"ಹೋದ ವಾರ ಚಿಕ್ಕಮ್ಮನಲ್ಲಿ ಉಂಡು ಮಲಗಿದ್ದಿಯಂತೆ," ಎಂದರು ಭಾವ, ಗೇಟಿನ ಹತ್ತಿರವೇ ಕಾದವರಂತೆ ನಿಂತು. "ನಮ್ಮಲ್ಲಿ ಒಂದು ಲೋಟ ನೀರೂ ಬೇಡವಾ? ನಾವೆಂತ ಮಾಡಿದ್ದೇವೆ ನಿಂಗೆ?"

ಅಲ್ಲಿ ತಿಂಡಿ. ಅಲ್ಲಿ ತಿಂದ ಸುದ್ದಿ ಮುಂದಿನ ಮನೆಗೆ ಹೇಗೆ ಮುಟ್ಟಿತೋ, ಅಲ್ಲಿಯೂ ತಿಂಡಿ. ಅದರ ಮುಂದಿನ ಮನೆಯಲ್ಲಿ ಊಟ. ಕಡಬದ ಪೇಟೆ ಕಂಡಾಗ ಮಹೇಶ್ವರನಿಗೆ ಗಾಡಿಯ ಮೇಲೆ ಬಗ್ಗಿ ಕೂರಲೂ ಆಗುತ್ತಿರಲಿಲ್ಲ. ದೂರದಲ್ಲಿ ಬೆಟ್ಟಗಳು ನೀಲಿಯಾಗಿ ನಿಂತಿದ್ದವು. ಅವುಗಳನ್ನು ನೋಡಿ ಅವನು ಗಟ್ಟಿಯಾಗಿ ಒಂದು ಬೈಗುಳ ಬೈದ, ಬೆಟ್ಟಕ್ಕಲ್ಲ, ತನ್ನ ಕುಲಕ್ಕೆ.

ಮಂಡಿಯಲ್ಲಿ ಶ್ಯಾಮ ಕಾದು ಕೂತಿದ್ದ. "ಘಾಟಿ ನೋಡಿದ್ಯಾ?"

"ಇಲ್ಲ."

"ಮತ್ತೆ ಎಂತ ನೋಡಿದ್ದು ಎರಡು ವಾರ?"

"ಪಲ್ಯ," ಎಂದ ಸಾಹುಲ್ ಹಮೀದ್, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಬರುವ ಆದಿತ್ಯವಾರದೊಳಗೆ ದಾರಿ ನೋಡಿ ಆಗದಿದ್ದರೆ ಮತ್ತೆ ಸಂಪಾಜೆಗೇ ಹೋಗುವುದೆಂದು ತೀರ್ಮಾನವಾಯಿತು.

ಮನೆಗೆ ಬಂದು ಅವನು ಅದನ್ನೇ ಹೇಳಿ ಹೇಳಿ ಗೋದಾವರಿಯ ತಲೆ ತಿಂದ. ನಿಲ್ಲದೆ ಹೋದರೆ ಮುಂದಿನ ಮದುವೆಯಲ್ಲಿ ಎಲ್ಲರೂ ಅದನ್ನೇ ಎತ್ತಿ ಆಡುತ್ತಾರೆ, ನಿಂತರೆ ಘಾಟಿ ಇಲ್ಲ. ಗೋದಾವರಿ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ ಅಂದಳು:

"ಸಾವಿನ ಮನೆಗೆ ಹೋಗುವವರನ್ನು ಮಾತ್ರ ಯಾರೂ ನಿಲ್ಲಿಸುದಿಲ್ಲ. ನಿಮ್ಗೆ ಅದೊಂದೇ ದಾರಿ."

ಅವಳು ತಮಾಷೆಗೆ ಅಂದದ್ದು. ಅವನಿಗೆ ಅದು ದೇವರು ಹೇಳಿದ ಹಾಗೆ ಕೇಳಿತು. ನಿಜವಲ್ಲವೇ? ಸಾವಿನ ಮನೆಗೆ ಹೊರಟವನಿಗೆ ಬೆಲ್ಲ ಕೊಡುವವರಿಲ್ಲ, ಊಟಕ್ಕೆ ಕರೆಯುವವರಿಲ್ಲ. ಬರುವಾಗಲಂತೂ, ಸ್ನಾನವಾಗದೆ ಅವನನ್ನು ಅಂಗಳಕ್ಕೇ ಹತ್ತಿಸುವುದಿಲ್ಲ. ಹೋಗುವ ದಾರಿಯೂ ಖಾಲಿ, ಬರುವ ದಾರಿಯೂ ಖಾಲಿ.

ಆದಿತ್ಯವಾರ ಬೆಳಿಗ್ಗೆ ಹಣೆಗೆ ಗಂಧ ಇಡದೆ, ಹೆಗಲಿಗೆ ಒಂದು ಬೈರಾಸು ಟವಲು ಹಾಕಿ, ಮುಖ ಇಳಿಬಿಟ್ಟು ಹೊರಟ. ಚೆನ್ನು ಕೈ ಅಗಲಿಸಿ ನಿಂತಳು. ಹಿಂದೆಯೇ ಚಿಕ್ಕಮ್ಮ ಬಂದರು.

"ಇಲ್ಲ ಚಿಕ್ಕಮ್ಮ, ಇವತ್ತು ನಿಲ್ಲುವ ಹಾಗಿಲ್ಲ. ಸಾವಿನ ಮನೆಗೆ ಹೋಗುದು."

"ಅಯ್ಯೋ ದೇವರೇ! ಯಾರು?"

ಹೆಸರೊಂದು ಬೇಕಾಗುತ್ತದೆ ಎಂದು ಅವನು ಯೋಚಿಸಿಯೇ ಇರಲಿಲ್ಲ. ಬಾಯಿಗೆ ಬೈರಾಸು ಒತ್ತಿ, ಕಡಬದ ದಿಕ್ಕಿಗೆ ಕೈ ತೋರಿಸಿ, ಗಾಡಿ ಬಿಟ್ಟ. ಚೆನ್ನು ತಾನಾಗಿಯೇ ದಾರಿ ಬಿಟ್ಟು ನಿಂತಳು. ಭಾವನ ಮನೆಯಲ್ಲೂ ಅದೇ, ಮುಂದೆಯೂ ಅದೇ. ದಾರಿ ಬೆಣ್ಣೆಯಂತೆ ಬಿಟ್ಟುಕೊಟ್ಟಿತು.

ಮಧ್ಯಾಹ್ನದೊಳಗೆ ಅವನು ಬಿಸಿಲೆಯ ಏರಿನಲ್ಲಿದ್ದ. ಲಾರಿಗಳು ಕೊರೆದ ಚಕ್ರದ ಗುಂಡಿ, ಅಡ್ಡ ಹರಿಯುವ ತೊರೆ, ಎರಡೂ ಕಡೆ ಆಕಾಶ ಮುಚ್ಚಿದ ಕಾಡು. ಆನೆಯ ಲದ್ದಿ ಕಂಡಲ್ಲಿ ಅವನು ಕಾಡಿನ ಕಡೆ ನೋಡದೆ ಗಾಡಿ ದಾಟಿಸಿದ. ಮುದಿ ಗಾಡಿ ಗೊಣಗುತ್ತಾ, ಬಿಸಿಯಾಗುತ್ತಾ, ಎರಡು ಸಲ ನಿಂತು ಉಸಿರು ತೆಗೆದುಕೊಂಡು, ಕೊನೆಗೆ ಏರಿಯೇ ಬಿಟ್ಟಿತು. ಮೇಲೆ ಒಂದು ಕಡೆ ಕಾಡು ಬಿಟ್ಟುಕೊಟ್ಟಲ್ಲಿ ಅವನು ಇಳಿದ. ಕುಮಾರಪರ್ವತ ಎದುರಿಗೇ ನಿಂತಿತ್ತು, ಅದರಾಚೆ ಬೆಟ್ಟದ ಹಿಂದೆ ಬೆಟ್ಟ. ಕೆಳಗೆಲ್ಲೋ ನೀರು ಬೀಳುವ ಸದ್ದು. ಇಲ್ಲಿ ಆರು ಗಾಡಿ ಸಾಲಾಗಿ ನಿಲ್ಲಿಸಬಹುದು, ಮೊದಲನೆಯದು ನನ್ನದು ಅಂತ ಅವನು ಜಾಗ ಕೂಡ ಗುರುತು ಮಾಡಿದ. ಒಬ್ಬನೇ ಇದ್ದುದರಿಂದ ನಾಚಿಕೆಯಿಲ್ಲದೆ ಕೂಗಿಕೊಂಡ.

ಬರುವಾಗ ಕಡಬ ತಲಪುವ ಮೊದಲೇ ಕೋಡಿಂಬಾಳದಲ್ಲಿ ರಸ್ತೆ ಬದಿಗೆ ಒಂದು ಜೀಪು, ಎರಡು ಎತ್ತಿನ ಗಾಡಿ ನಿಂತಿದ್ದವು. ಬೈರಾಸು ಹೊದ್ದ ಗಂಡಸರು, ಮೂಗು ಒರೆಸುವ ಹೆಂಗಸರು. ಎಲ್ಲ ಅವನ ನೆಂಟರೇ. ಅವನು ಗಾಡಿ ನಿಲ್ಲಿಸಿದ. ಕೋಡಿಂಬಾಳದಲ್ಲಿ ರಸ್ತೆಯಿಂದ ಒಳಗೆ, ಗದ್ದೆಯಾಚೆ, ಶಂಭಟ್ಟ ದೊಡ್ಡಪ್ಪ ಇದ್ದರು. ಎಂಬತ್ತು ದಾಟಿದವರು, ಕಿವಿ ಮಂದ. ಕಡಬದ ದಿಕ್ಕಿನಲ್ಲಿ ಸಾಯುವ ಸರದಿ ಯಾರದೆಂದು ನೆಂಟರು ತಾವೇ ಲೆಕ್ಕ ಹಾಕಿಕೊಂಡಿದ್ದರು. ನಮ್ಮ ಕಡೆ ಸಾವಿಗೆ ಹೆಸರು ಹೇಳದೆ ಬಿಟ್ಟರೆ ಜನ ಸುಮ್ಮನಿರುತ್ತಾರೆಯೇ?

ಮಹೇಶ್ವರ ಮನೆಗೆ ಹೋದರೆ ಶಂಭಟ್ಟ ದೊಡ್ಡಪ್ಪ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಬಾ ಮಹೇಶ," ಎಂದರು. "ನನ್ನನ್ನು ಸುಡ್ಲಿಕ್ಕೆ ನೀನೇ ಮೊದಲು ಹೊರಟದ್ದಂತೆ. ಇಷ್ಟು ತಡ ಎಂತಕ್ಕೆ?"

ಮಹೇಶ್ವರ ಕಾಲಿಗೆ ಬಿದ್ದ. ಘಾಟಿ, ಬೆಲ್ಲ ನೀರು, ಪಲ್ಯ, ಎಲ್ಲ ಹೇಳಿದ. ಭಾವ ಹೊಡೆಯಲು ಬಂದಂತೆ ಬಂದರು. ದೊಡ್ಡಪ್ಪ ಕೈ ಅಡ್ಡ ಹಿಡಿದರು. ಆಗಲೇ ಅವನು ನೋಡಿದ, ದೊಡ್ಡಪ್ಪನ ಪಕ್ಕದಲ್ಲಿ, ಕಂಬಕ್ಕೆ ಒರಗಿ, ಅತ್ತು ಕಣ್ಣು ಊದಿಸಿಕೊಂಡ ಶಂಕರಿ ಅತ್ತೆ ಕೂತಿದ್ದರು. ದೊಡ್ಡಪ್ಪನ ಒಬ್ಬಳೇ ತಂಗಿ. ತೋಟದ ನೀರಿನ ವಿಷಯದಲ್ಲಿ ಮಾತು ಬಿಟ್ಟು, ಒಂದು ತಲೆಮಾರಿನ ಮಕ್ಕಳು ದೊಡ್ಡವರಾಗುವಷ್ಟು ಕಾಲ ಈ ಅಂಗಳಕ್ಕೆ ಕಾಲಿಡದವರು.

"ಸತ್ತ ಸುದ್ದಿ ಹಬ್ಬಿದ್ರೆ ಆಯುಸ್ಸು ಹೆಚ್ಚುತ್ತದೆ," ಎಂದರು ದೊಡ್ಡಪ್ಪ. "ಇವಳೂ ಬಂದ್ಲು. ನೀನು ಕೊಂದದ್ದು ಒಳ್ಳೇದೇ ಆಯ್ತು. ಬರುವ ಆದಿತ್ಯವಾರ ಇಲ್ಲಿ ಎಲ್ರಿಗೂ ಊಟ. ನಿನ್ನ ಮೋಟಾರಿನವರು ಎಷ್ಟು ಜನ, ಆರಾ? ಆರೂ ಜನ ಬರ್ಬೇಕು. ಉಂಡು ಘಾಟಿಗೆ ಹೋಗಿ."

"ದೊಡ್ಡಪ್ಪ, ನಾವು ಬೆಳಿಗ್ಗೆಯೇ..."

"ಎಲ್ರ ಮನೆಯಲ್ಲೂ ಉಂಡವ ನನ್ನ ಮನೆಯ ಊಟ ಬಾಕಿ ಇಡ್ಬಾರ್ದು," ಎಂದು ಅವರು ಎಲೆ ಮಡಚಿ ಬಾಯಿಗಿಟ್ಟರು. ಒಬ್ಬನನ್ನು ಕೊಂದ ಮೇಲೆ ಅವನ ಮನೆಯ ಊಟ ಬೇಡವೆನ್ನುವುದು ಹೇಗೆ?

ಆದಿತ್ಯವಾರ ಬಂತು. ಪುತ್ತೂರಿನಿಂದ ಆರು ಗಾಡಿ ಹೊರಟಿತು, ಮುಂದೆ ಮಹೇಶ್ವರ. ಕೆಂಪು ರಸ್ತೆ ಅವನೆದುರು ಒಂದು ಗಾಡಿಯ ಗುರುತೂ ಇಲ್ಲದೆ ಬಿದ್ದಿತ್ತು. ಹಿಂದೆ ತಿರುಗಿ ನೋಡಿದರೆ ಶ್ಯಾಮನ ಮೂಗಿಗೆ ಕರವಸ್ತ್ರ. ನೆಂಟರ ಮನೆಗಳಿಗೆಲ್ಲ ಬೀಗ, ಎಲ್ಲರೂ ಕೋಡಿಂಬಾಳದಲ್ಲೇ. ಮಹೇಶ್ವರ ಒಂದೊಂದೇ ಬಾಗಿಲು ದಾಟಿದ. ಬೇಗ ಉಂಡು, ಬೇಗ ಎದ್ದು, ಘಾಟಿ. ಸಾಧ್ಯವಿತ್ತು.

ದೊಡ್ಡಪ್ಪನ ಮನೆಗೆ ಹೋಗುವ ಓಣಿ ಒಂದು ಗಾಡಿಯಷ್ಟೇ ಅಗಲ, ಎರಡೂ ಕಡೆ ಮುರಕಲ್ಲಿನ ಗೋಡೆ. ಆರೂ ಗಾಡಿಯನ್ನು ಅದರಲ್ಲೇ ಒಂದರ ಹಿಂದೊಂದು ನಿಲ್ಲಿಸಿದರು. ಒಳಗೆ ಪೂಜೆ ಮುಗಿಯಲು ಹನ್ನೆರಡೂವರೆ ಆಯಿತು. ಮೊದಲ ಪಂಕ್ತಿ ಎದ್ದು, ಎಲೆ ತೆಗೆದು, ನೆಲ ಒರೆಸಿ, ಆಮೇಲೆ ಎರಡನೆಯದು. ಆ ಕಾಲದ ಕ್ರಮದಂತೆ ಕುಶಾಲಪ್ಪನಿಗೂ ಸಾಹುಲ್ ಹಮೀದನಿಗೂ ಜಗಲಿಯಲ್ಲಿ ಎಲೆ. ಅದು ಎಲ್ಲಕ್ಕಿಂತ ಕೊನೆಗೆ. ಮಹೇಶ್ವರ ಜಗಲಿಗೂ ಒಳಗೂ ಸುತ್ತಿ ಸುತ್ತಿ ಬೆವತ.

"ಬೇಗ ಏಳುವ ಮಾರಾಯ," ಎಂದರೆ ಕುಶಾಲಪ್ಪ, "ಘಾಟಿ ಎಲ್ಲಿಗೂ ಓಡುದಿಲ್ಲ. ಪಾಯಸ ತಣೀತದೆ," ಎಂದ. ಆ ಹೊತ್ತಿಗೇ ಅವನಿಗೆ ಮಾತು ಬರಬೇಕಿತ್ತೇ!

ಶಂಕರಿ ಅತ್ತೆ ಅಣ್ಣನ ಎಲೆಗೆ ಪಾಯಸ ಬಡಿಸಿದರು. ದೊಡ್ಡಪ್ಪ ಬೇಡವೆನ್ನಲಿಲ್ಲ, ಸಾಕೆನ್ನಲೂ ಇಲ್ಲ, ಎಲೆ ತುಂಬಿ ಅಂಚಿನಿಂದ ಹರಿಯುವವರೆಗೆ ಸುಮ್ಮನೆ ನೋಡುತ್ತಾ ಕೂತರು. ಮನೆಯ ಹೆಂಗಸರೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಹೇಶ್ವರನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಮತ್ತೆ ಸಿಟ್ಟು ಬಂತು.

ಎಲ್ಲ ಮುಗಿದಾಗ ನಾಲ್ಕು ಗಂಟೆ. ಶ್ಯಾಮ ತೇಗಿ ಆಕಾಶ ನೋಡಿದ.

"ಇನ್ನು ಏರಿದ್ರೆ ಕತ್ತಲಲ್ಲಿ ಆನೆಯ ಬಾಯಿಗೇ ಹೋಗುದು. ಇವತ್ತಿಗೆ ಸಾಕು ಮಾರಾಯ. ಊಟ ಭಾರೀ ಲಾಯ್ಕ ಇತ್ತು. ಬರುವ ಸಲ ಸಂಪಾಜೆಗೇ ಹೋಗುವ, ಅಲ್ಲಿ ನಿನ್ನ ನೆಂಟರಿಲ್ಲ."

ಎಲ್ಲರೂ ನಕ್ಕರು. ಮಹೇಶ್ವರನೂ ನಕ್ಕ.

ಗಾಡಿಗಳನ್ನು ಒಂದೊಂದಾಗಿ ಹಿಂದಕ್ಕೆ ತಳ್ಳಿ ಓಣಿಯ ಹೊರಗೆ ತಿರುಗಿಸಿದರು. ಮನೆಗೆ ಎಲ್ಲಕ್ಕಿಂತ ಹತ್ತಿರ ನಿಂತದ್ದು ಮಹೇಶ್ವರನದು, ಮೊದಲು ಬಂದದ್ದಲ್ಲವೇ. ಓಣಿಯ ಬಾಯಿಯಲ್ಲಿದ್ದ ಸಾಹುಲ್ ಹಮೀದ್ ಮೊದಲು ಹೊರಬಿದ್ದ, ಆಮೇಲೆ ಕುಶಾಲಪ್ಪ, ಹಾಗೆಯೇ ಒಬ್ಬೊಬ್ಬರು. ಶ್ಯಾಮ ಹೊರಡುವಾಗ ಕೈಬೀಸಿದ. ಮಹೇಶ್ವರ ರಸ್ತೆಗೆ ಬರುವಷ್ಟರಲ್ಲಿ ಐದೂ ಗಾಡಿ ಪುತ್ತೂರಿನ ಕಡೆ ಮುಖ ಮಾಡಿ ಹೋಗಿಯಾಗಿತ್ತು. ರಸ್ತೆಯ ಮೇಲೆ ಕೆಂಪು ಧೂಳು ಎದೆಯೆತ್ತರಕ್ಕೆ ನಿಂತಿತ್ತು. ಅವನು ಬೈರಾಸನ್ನು ಮೂಗಿಗೆ ಬಿಗಿದು ಕಟ್ಟಿ, ಅದರೊಳಗೆ ಗಾಡಿ ನುಗ್ಗಿಸಿದ.