ನಡುವಿನ ತಿರುಪು

ಪೈಪಿಗೆ ಅಂಟು ಹಾಕಬೇಕಾದ ಕಡೆ ತಿರುಗಿಸಿ ಬಿಗಿಯುವ ತಿರುಪು ಯಾಕೆ? ಪಂಪಿನ ಎರಡೂ ಪಕ್ಕ ಬಿಚ್ಚಲು ಬರುವ ತಿರುಪು ಇರಲಿ, ಪಂಪು ಕೆಟ್ಟರೆ ಹೊರಗೆ ತೆಗೆಯಬೇಕಾಗುತ್ತದೆ. ಆದರೆ ಮೇಲಿನಿಂದ ನೀರು ಇಳಿಯುವ ದಪ್ಪ ಪೈಪಿನ ನಡುವೆ, ಎದೆಯ ಎತ್ತರದಲ್ಲಿ, ಒಂದು ಗೇಣು ಅಂತರದಲ್ಲಿ ಎರಡು? ಅಲ್ಲಿ ಬಿಚ್ಚಿ ಮಾಡುವ ಕೆಲಸವೇ ಇಲ್ಲ. ಅದನ್ನು ಜೋಡಿಸಿದ ಕ್ಲೈವ್ ಕೈತಪ್ಪಿ ಹಾಕುವವನಲ್ಲ. ತನಗೇ ಏನೋ ತಿಳಿಯುತ್ತಿಲ್ಲ ಎಂದುಕೊಂಡ ಲಿಂಡ್ಸೆ. ಆದರೂ ಕಣ್ಣು ಮತ್ತೆ ಅಲ್ಲಿಗೇ ಹೋಯಿತು.

ಟೌನ್ಸ್‌ವಿಲ್‌ನ ಹಳೆಯ ಮನೆಗಳಂತೆ ಲಿಂಡ್ಸೆಯದೂ ಕಂಬಗಳ ಮೇಲೆ ನಿಂತ ಮರದ ಮನೆ. ಅದು ಹೆಂಡತಿ ನೊರೀನಳ ತಾಯಿಯಿಂದ ಬಂದದ್ದು. ಮೇಲೆ ಹಜಾರದ ಒಂದಿಡೀ ಗೋಡೆಯುದ್ದಕ್ಕೂ ಮೀನು, ಹವಳ ಸಾಕುವ ಗಾಜಿನ ತೊಟ್ಟಿ. ಅದರ ಭಾರ ಹೊರಲೆಂದೇ ನೆಲದಡಿ ಹೊಸ ಕಂಬ ಕೊಟ್ಟಿದ್ದರು. ನೀರು ಶುದ್ಧ ಮಾಡುವ ತೊಟ್ಟಿ, ಪಂಪು, ಸೋಸುವ ಚೀಲ ಎಲ್ಲ ಕೆಳಗೆ, ಬಟ್ಟೆ ಒಗೆಯುವ ಕಟ್ಟೆಯ ಪಕ್ಕ. ನಡುವೆ ನೆಲಹಲಗೆ ಕೊರೆದು ಪೈಪು ಇಳಿಸಿದ್ದರು.

ಕೆಲಸದಿಂದ ನಿವೃತ್ತನಾದ ದಿನ ಲಿಂಡ್ಸೆ ಹೆಂಡತಿಗೆ ಹೇಳಿದ್ದ: "ಇನ್ನು ಎಲ್ಲಿಗೂ ಹೋಗೋದಿಲ್ಲ ಕಣೇ. ಒಂದು ದೊಡ್ಡ ತೊಟ್ಟಿ ಹಾಕಿಸೋಣ. ಹವಳ ಬೆಳೆಯೋಕೆ ವರ್ಷಗಟ್ಟಲೆ ಬೇಕು. ನಾವಿಬ್ಬರೂ ಕೂತು ನೋಡೋಣ."

"ಹಾಕಿಸು" ಎಂದಿದ್ದಳು ನೊರೀನ್. ಅಷ್ಟೇ ಎಂದಿದ್ದಳು.

ಪೈಪು ಜೋಡಿಸಿದ್ದು ಹಳೆಯ ಗೆಳೆಯ ಕ್ಲೈವ್. ಕೆಲಸದುದ್ದಕ್ಕೂ ಅವನದು ಒಂದೇ ಗೊಣಗು. "ನೀನು ಪುಣ್ಯವಂತ ಕಣೋ. ಮನೆಯಡಿ ನೆಟ್ಟಗೆ ನಿಲ್ಲಬಹುದು. ನಮ್ಮನೇಲಿ ಒಂದು ಗೇಣು ಕಮ್ಮಿ. ತೊಲೆಗೆ ಬಡಿದೂ ಬಡಿದೂ ನನ್ನ ತಲೆ ಚಪ್ಪಟೆಯಾಗಿದೆ."

"ಅದು ಹುಟ್ಟಿದಾಗಲೇ ಹಾಗಿತ್ತು" ಎಂದು ಲಿಂಡ್ಸೆ ನಕ್ಕಿದ್ದ.

ಮೀನು ಬಿಡುವ ಮೊದಲು ಪಂಪು ನಿಲ್ಲಿಸಿ ನೋಡುವುದು ಈ ಹವ್ಯಾಸದವರ ಪದ್ಧತಿ. ಕರೆಂಟು ಹೋದರೆ ಮೇಲಿನ ನೀರು, ಪಂಪು ನೀರೇರಿಸುವ ಪೈಪಿನಲ್ಲೇ ಹಿಂದಕ್ಕೆ ಇಳಿಯುತ್ತದೆ. ನೀರಿನ ಮಟ್ಟದಲ್ಲಿ ಪೈಪಿಗೆ ಕೊರೆದ ಸಣ್ಣ ತೂತು ಗಾಳಿ ಎಳೆದುಕೊಂಡರೆ ಹರಿವು ನಿಲ್ಲುತ್ತದೆ. ಇಲ್ಲದಿದ್ದರೆ ಕೆಳಗಿನ ತೊಟ್ಟಿ ತುಂಬಿ ಹೊರಚೆಲ್ಲುತ್ತದೆ. ಹಾಗಾಗಿ ಕ್ಲೈವ್ ಮೇಲೆ, ಲಿಂಡ್ಸೆ ಕೆಳಗೆ.

"ನಿಲ್ಲಿಸ್ತಾ ಇದ್ದೀನಿ" ಎಂದು ಮೇಲಿನಿಂದ ಕ್ಲೈವ್ ಕೂಗಿದ.

ಪಂಪು ನಿಂತಿತು. ಒಂದು ವಾರದಿಂದ ಆ ಗುಂಯ್ ಸದ್ದಿಗೆ ಒಗ್ಗಿದ್ದ ಕಿವಿಗೆ ಮೌನ ಒಮ್ಮೆಲೇ ಬಂದು ಬಡಿಯಿತು. ಕೆಳಗಿನ ತೊಟ್ಟಿಯಲ್ಲಿ ನೀರು ಸದ್ದಿಲ್ಲದೆ ಏರತೊಡಗಿತು. ಆಗ ಪೈಪಿನ ಸುತ್ತಲಿನ ಸಂದಿಯಿಂದ ದನಿಗಳು ಇಳಿದು ಬಂದವು, ಪಕ್ಕದಲ್ಲೇ ನಿಂತು ಆಡಿದಂತೆ.

"ಅವನಿಗೆ ಯಾವಾಗ ಹೇಳ್ತೀಯ?" ಕ್ಲೈವ್ ಕೇಳುತ್ತಿದ್ದ.

"ಚಳಿಗಾಲ ಕಳೀಲಿ. ಮನೆ ಕೊಳ್ಳೋರು ನೋಡೋಕೆ ಬರೋದು ಆಮೇಲೆ ತಾನೆ." ನೊರೀನಳ ದನಿ. "ಈ ಮೆಟ್ಟಿಲು ಇನ್ನು ನನ್ನ ಮಂಡಿಗೆ ಆಗಲ್ಲ. ಬಲರಾಟ್‌ಗೆ ಬರ್ತೀವಿ ಅಂತ ಅಲ್ಲಿರೋ ತಂಗಿಗೂ ಹೇಳಿಯಾಗಿದೆ."

"ಮೊದಲೇ ಹೇಳಿದ್ರೆ ಇಷ್ಟೆಲ್ಲ ಕಟ್ಟೋದೇ ಇರ್ತಿರಲಿಲ್ಲ."

"ಗೋಡೆ ನೋಡ್ಕೊಂಡು ಕೂತಿರ್ತಿದ್ದ ಕಣೋ. ಈಗ ಊಟಕ್ಕೆ ಕರೆದ್ರೆ ಬರ್ತಾನೆ. ಇನ್ನೊಂದಷ್ಟು ದಿನ ಹೀಗೇ ಇರಲಿ."

"ತೊಟ್ಟಿ ನನಗೆ ಅನ್ನೋದನ್ನೂ ನೀನೇ ಹೇಳು. ನನ್ನ ಬಾಯಲ್ಲಿ ಬರಲ್ಲ."

"ಹೇಳ್ತೀನಿ. ಪೈಪು ನಿಮ್ಮನೆಗೆ ಸರಿಹೋಗುತ್ತಾ?"

"ನಡುವಿನ ತುಂಡು ತೆಗೆದ್ರಾಯ್ತು. ಅಳೆದೇ ಹಾಕಿದ್ದೀನಿ."

ಲಿಂಡ್ಸೆ ಎದೆಯ ಮುಂದಿನ ಎರಡು ತಿರುಪುಗಳನ್ನು ನೋಡಿದ. ಅವುಗಳ ನಡುವೆ ಒಂದು ಗೇಣು ಪೈಪು. ಈ ಮನೆ ಬಿಡುವ ಸುದ್ದಿ ಅವನಿಗೆ ತಿಳಿಯುವ ಮೊದಲೇ ಪೈಪಿಗೆ ತಿಳಿದಿತ್ತು.

ಮೇಲೆ ಸಣ್ಣ ತೂತು ಸುರ್ ಎಂದು ಗಾಳಿ ಎಳೆದುಕೊಂಡಿತು. ನೀರು ಅಂಚಿಗೆ ಎರಡು ಬೆರಳು ಉಳಿದಿರುವಾಗಲೇ ನಿಂತಿತು. ಕ್ಲೈವನ ಕೆಲಸದಲ್ಲಿ ಕುಂದಿರಲಿಲ್ಲ.

"ಲಿಂಡ್ಸೆ, ಏನಾದ್ರೂ ಸೋರ್ತಿದೆಯಾ?"

"ಇಲ್ಲ" ಎಂದು ಲಿಂಡ್ಸೆ ಕೂಗಿದ. ದನಿ ಎಂದಿನಂತೆಯೇ ಬಂತು. ಅದಕ್ಕೆ ಅವನಿಗೇ ಆಶ್ಚರ್ಯವಾಯಿತು.

ಕಟ್ಟೆಯ ಮೇಲೆ ಪೈಪಿನ ನೀಲಿ ಅಂಟಿನ ಡಬ್ಬಿ ಇತ್ತು. ನೀರಿಲ್ಲದೆ ಖಾಲಿಯಾಗಿದ್ದ ಪೈಪಿನ ಎರಡೂ ತಿರುಪು ಬಿಚ್ಚಿದ. ಹಲ್ಲುಗಳನ್ನು ಬಟ್ಟೆಯಿಂದ ಒರೆಸಿ, ಸುತ್ತಲೂ ದಪ್ಪಗೆ ಅಂಟು ಬಳಿದು, ಕೈಯಲ್ಲಿ ಕಸುವಿರುವಷ್ಟು ಬಿಗಿದ. ಹಿಡಿದುಕೊಂಡೇ ನಿಂತ. ಮೇಲೆ ಕುರ್ಚಿ ಎಳೆದ ಸದ್ದು, ಬಸಿಯ ಮೇಲೆ ಕಪ್ಪು ಇಟ್ಟ ಸದ್ದು, ನೊರೀನಳ ಮೆಲುನಗೆ, ಒಂದೂ ಬಿಡದೆ ಕೇಳಿಸುತ್ತಿತ್ತು.

ಮೆಟ್ಟಿಲೇರಿ ಬಂದಾಗ ಮೇಜಿನ ಮೇಲೆ ಕುಂಬಳಕಾಯಿ ಹಾಕಿ ಸುಟ್ಟ ಸ್ಕೋನ್ ಬನ್ನು, ಬೆಣ್ಣೆ, ಚಹಾ.

"ಪಂಪು ಈಗಲೇ ಹಾಕಬೇಡ. ಅಂಟು ಒಣಗಲಿ" ಎಂದ ಲಿಂಡ್ಸೆ.

"ಅಂಟಾ? ಎಲ್ಲಿಗೆ?" ಕ್ಲೈವನ ಕಪ್ಪು ತುಟಿಯ ಬಳಿಯೇ ನಿಂತಿತು.

"ನಡುವಿನ ತಿರುಪಿಗೆ. ಎರಡಕ್ಕೂ."

"ಅದು ಸೋರ್ತಿರಲಿಲ್ಲವಲ್ಲೋ."

"ಮುಂದೆ ಸೋರಬಹುದು."

ನೊರೀನ್ ಕ್ಲೈವನತ್ತ ನೋಡಲಿಲ್ಲ. ಗಂಡನ ಬೆರಳುಗಳ ನೀಲಿ ಕಲೆ ನೋಡಿದಳು, ಒದ್ದೆ ಬಟ್ಟೆ ತಂದುಕೊಟ್ಟಳು. "ಒರೆಸ್ಕೊ. ಸ್ಕೋನ್ ಬಿಸಿ ಇದೆ."

ಲಿಂಡ್ಸೆ ಒರೆಸಿಕೊಂಡ. ಕಲೆ ಹೋಗಲಿಲ್ಲ. ಒಂದು ಸ್ಕೋನ್ ಎತ್ತಿಕೊಂಡು ಬೆಣ್ಣೆ ಹಚ್ಚಿ ತಿಂದ. ಅವರು ಈಗಲಾದರೂ ಹೇಳಿಯಾರು ಎಂದು ಕಾದ. ಕ್ಲೈವ್ ಮೋಡದ ಮಾತು ತೆಗೆದ.

ಚಳಿಗಾಲ ಕಳೆದ ಮೇಲೆ ನೊರೀನ್ ಹೇಳಿದಳು. ಮನೆ ಮಾರಾಟವಾಯಿತು. ಕ್ಲೈವ್ ಗರಗಸದಿಂದ ಪೈಪು ಕೊಯ್ದು ತೊಟ್ಟಿಯನ್ನು ಒಯ್ದ. ಪಂಪು ನಿಂತರೆ ಮೇಲಿನ ಮಾತೆಲ್ಲ ಕೆಳಗೆ ಕೇಳಿಸುತ್ತದೆ ಎಂಬುದನ್ನು ಲಿಂಡ್ಸೆ ಅವರಿಬ್ಬರಿಗೂ ಎಂದೂ ಹೇಳಲಿಲ್ಲ.