ತೂಕದ ಮುಳ್ಳು

ವಿಂಚ್ ಮನೆಯಲ್ಲಿ ಕೂತವಳಿಗೆ ಗಣಿಯ ಬಾವಿ ಕಾಣುತ್ತಿರಲಿಲ್ಲ. ಉಕ್ಕಿನ ಹಗ್ಗ ಸುತ್ತಿದ ಡ್ರಮ್ಮು, ತಲೆಯ ಮೇಲೊಂದು ಗಂಟೆ, ಎದುರಿಗೆ ಆಳುಗಳನ್ನೂ ಮಣ್ಣನ್ನೂ ಹೊತ್ತು ಏರಿಳಿಯುವ ದೊಡ್ಡ ಬಕೆಟ್ಟಿನ ತೂಕ ತೋರಿಸುವ ಮುಳ್ಳು, ಅವಳ ಲೋಕ ಇಷ್ಟೇ. ಕೆಳಗಿನವರು ಗಂಟೆ ಬಾರಿಸಿದರೆ ಬಕೆಟ್ ಎತ್ತಬೇಕು. ಬಾರಿಸದೆ ಕೂದಲೆಳೆಯಷ್ಟೂ ಅಲುಗಿಸಬಾರದು. ಹತ್ತುವವನ ಒಂದು ಕಾಲು ಇನ್ನೂ ಹೊರಗಿದ್ದರೆ ಅವನ ಕಥೆ ಮುಗಿಯಿತು.

ಅಲ್ಲಿಯ ನೆಲವೆಲ್ಲ ನೀರು ಕುಡಿದ ಮರಳು. ಅಗೆದಷ್ಟೂ ಕುಸಿಯುತ್ತದೆಂದು ಬಾವಿಯ ಸುತ್ತ ಕೊಳವೆಗಳನ್ನು ಇಳಿಸಿ, ಮಂಜಿಗಿಂತ ತಣ್ಣಗೆ ಕೊರೆಯುವ ಉಪ್ಪುನೀರು ಹರಿಸಿ, ಮರಳನ್ನೇ ಮಂಜುಗಡ್ಡೆಯ ಗೋಡೆಯಾಗಿ ಹೆಪ್ಪುಗಟ್ಟಿಸಿದ್ದರು. ಆ ಗೋಡೆಯ ಆಸರೆಯಲ್ಲಿ ಅಗೆಯುವುದು, ಅಗೆದಷ್ಟಕ್ಕೆ ಕಾಂಕ್ರೀಟ್ ಹಾಕುತ್ತ ಇಳಿಯುವುದು.

ಈಗ ತಳದಲ್ಲಿ ನಾಲ್ವರಿದ್ದರು. ಅವರಲ್ಲೊಬ್ಬ ಅವಳ ತಮ್ಮ ಗುಬ್ಬಿ. ಬಕೆಟ್ಟಿನಲ್ಲಿ ಒಬ್ಬನೇ ಇದ್ದಾಗಲೆಲ್ಲ ಕುಪ್ಪಳಿಸಿ ಅಕ್ಕನ ಮುಳ್ಳನ್ನು ಕುಣಿಸುವುದು ಅವನ ಚಾಳಿ. ನಿನಗೆ ಬೇಜಾರಾಗಬಾರದಲ್ಲ ಎನ್ನುತ್ತಿದ್ದ. ಅವಳು ಬೈಯುತ್ತಿದ್ದಳು. ಕಾಡಿ ಬೇಡಿ ಅವನನ್ನು ಈ ಕೆಲಸಕ್ಕೆ ಸೇರಿಸಿದವಳು ಅವಳೇ.

ಮಧ್ಯಾಹ್ನ ಮೇಸ್ತ್ರಿ ಏದುಸಿರು ಬಿಡುತ್ತ ಓಡಿಬಂದ. ಕೊಳವೆ ಒಡೆದು ಉಪ್ಪುನೀರು ಸೋರಿದೆ, ಮಂಜು ಕರಗಿ ಗೋಡೆ ಬಾಯಿಬಿಟ್ಟಿದೆ, ಫೋನೂ ಗಂಟೆಯೂ ಸತ್ತಿವೆ ಎಂದ. ಬಕೆಟ್ ತಳದಿಂದ ಗೇಣು ಮೇಲೆ ತೂಗುತ್ತಿತ್ತು. ಅವಳು ಮುಳ್ಳನ್ನು ನುಂಗುವಂತೆ ನೋಡಿದಳು. ಅದು ಧಡಕ್ಕನೆ ಹಾರಿತು: ಒಬ್ಬ ಹತ್ತಿದ. ಮತ್ತೆ ಹಾರಿತು. ಮತ್ತೆ. ಆಮೇಲೆ ಮೆಲ್ಲಗೆ ತೆವಳತೊಡಗಿತು. ಅದು ಮನುಷ್ಯನಲ್ಲ, ಬಕೆಟ್ಟಿಗೆ ಸುರಿಯುತ್ತಿರುವ ನೀರು.

"ಎತ್ತಮ್ಮ."

"ಮೂರೇ ಜನ ಹತ್ತಿದ್ದು."

"ಮೂರಾದ್ರೂ ಉಳೀಲಿ."

ಅವಳು ಕಾದಳು. ಬೆವರಿಗೆ ವಿಂಚಿನ ಹಿಡಿ ಜಾರುತ್ತಿತ್ತು. ಕೊನೆಗೂ ಮುಳ್ಳು ಧಡಕ್ಕೆಂದಿತು. ಎತ್ತಿದಳು.

ಬಕೆಟ್ ಬಾವಿಯ ಬಾಯಿಗೆ ಬಂದಾಗ ಇಳಿದವರು ಮೂವರೇ. ಅವರ ಕಾಲ ಬಳಿ, ಗೋಡೆಯಿಂದ ಕಳಚಿ ಬಿದ್ದ ಒಂದಾಳು ತೂಕದ ಮಂಜುಗಡ್ಡೆ. ಗುಬ್ಬಿ ಎಲ್ಲರನ್ನೂ ಹತ್ತಿಸಿದನಂತೆ. ತಾನು ಅಂಚಿಗೆ ಕೈಹಾಕುವಷ್ಟರಲ್ಲಿ ಬಕೆಟ್ ಏರಿಬಿಟ್ಟಿತಂತೆ.

ಗಡ್ಡೆಯನ್ನು ಉರುಳಿಸಿದ ಕೂಡಲೇ ಅವಳು ಬಕೆಟ್ ಇಳಿಸಿದಳು, ಯಾರ ಅಪ್ಪಣೆಗೂ ಕಾಯಲಿಲ್ಲ. ಮೇಸ್ತ್ರಿ ಕೈ ಅಡ್ಡ ಹಿಡಿದವನು ಅವಳ ಮುಖ ನೋಡಿ ಹಿಂದಕ್ಕೆಳೆದುಕೊಂಡ. ತಳ ಇನ್ನೂ ದೂರವಿರುವಾಗಲೇ ಮುಳ್ಳು ಹಗುರಾಯಿತು. ಬಕೆಟ್ ನೀರಿಗೆ ತಾಗಿತ್ತು. ಗೇಣು ಮೇಲೆತ್ತಿ ಹಿಡಿದಳು. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಧಡಕ್.

"ಎತ್ತು ತಾಯಿ, ಎತ್ತು."

"ಮಂಜೂ ಹೀಗೇ ಬೀಳುತ್ತೆ, ಅಣ್ಣ."

ಒಮ್ಮೆ ಮೋಸ ಮಾಡಿದ ಮುಳ್ಳು. ಈಗಲೂ ಗಡ್ಡೆಯನ್ನೇ ಎತ್ತಿದರೆ, ಮತ್ತೆ ಇಳಿಸುವ ಹೊತ್ತಿಗೆ ಕೆಳಗೆ ಯಾರೂ ಇರುವುದಿಲ್ಲ. ಹಿಡಿಯ ಮೇಲೆ ಅವಳ ಕೈ ಕಲ್ಲಾಗಿತ್ತು.

ಮುಳ್ಳು ಸಣ್ಣಗೆ ಎದ್ದು ಬಿತ್ತು. ತಡೆದು, ಇನ್ನೊಮ್ಮೆ. ಕುಪ್ಪಳಿಸಲು ಕಾಲಲ್ಲಿ ಕಸುವಿಲ್ಲದವನು ಕೂತಲ್ಲೇ ಮೈ ಕುಲುಕಿದ ಹಾಗೆ.

ಅವಳು ಎತ್ತಿದಳು. ದಾರಿಯುದ್ದಕ್ಕೂ ಮುಳ್ಳು ಆಗೊಮ್ಮೆ ಈಗೊಮ್ಮೆ ಕುಣಿಯುತ್ತಲೇ ಇತ್ತು. ಅವಳು ಅವನಿಗೆ ಬೈಯುತ್ತಲೇ ಇದ್ದಳು.