ಕೈ ಕಾಣುವಂಥ ಫೋನು

ತನಗೊಂದು ಹೊಸ ಫೋನು ಬೇಕೆಂದು ಗುಲನಾಜ ಕೇಳಿದಾಗ ಅವಳ ಅತ್ತಿಗೆಗೆ ನಗು ಬಂತು. ಕೆಟ್ಟ ಮನಸ್ಸಿನ ನಗು ಅಲ್ಲ. ಹುಟ್ಟಿನಿಂದ ಕಿವಿ ಕೇಳದ, ಬಾಯಲ್ಲಿ ಮಾತು ಬಾರದ ಹೆಂಗಸು ಫೋನು ತಗೊಂಡು ಏನು ಮಾಡಬೇಕು ಎಂಬುದು ಯಾರಿಗಾದರೂ ಬರುವ ಪ್ರಶ್ನೆಯೇ. ಅಣ್ಣ ಜಾಹಿದ ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತು ತಂಗಿಯ ಮುಖ ನೋಡಿ, ಶುಕ್ರವಾರ ನಮಾಜು ಮುಗಿಸಿ ಬಂದ ಮೇಲೆ ಹೋಗೋಣ ಎಂದು ಸನ್ನೆ ಮಾಡಿದ.

ಅವರದು ಮುದ್ದೇಬಿಹಾಳ. ಜಾಹಿದ ಸಿಮೆಂಟಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಗುಲನಾಜ ಮನೆಯ ಮುಂದಿನ ಕೋಣೆಯಲ್ಲಿ ಮಷೀನು ಇಟ್ಟುಕೊಂಡು ಜಂಪರ ಹೊಲಿಯುತ್ತಿದ್ದಳು. ಮೂವತ್ತು ದಾಟಿತ್ತು, ಮದುವೆ ಆಗಿರಲಿಲ್ಲ, ಆ ಮಾತನ್ನು ಮನೆಯಲ್ಲಿ ಎತ್ತುವುದನ್ನೂ ಎಲ್ಲರೂ ಬಿಟ್ಟಿದ್ದರು. ಓಣಿಯ ಹೆಂಗಸರು ಅಳತೆಯ ಜಂಪರ ತಂದು ಮುಂದಿಟ್ಟು, ತೋಳು ಇಷ್ಟು, ಕೊರಳು ಇಷ್ಟು ಎಂದು ಬೆರಳಿನಲ್ಲಿ ತೋರಿಸಿ ಹೋಗುತ್ತಿದ್ದರು. ಅಷ್ಟಕ್ಕೆ ತೊಂದರೆ ಇರಲಿಲ್ಲ. ಮನಸ್ಸು ಬಿಚ್ಚಿ ಅವಳು ಮಾತಾಡುತ್ತಿದ್ದುದು ಮಾತ್ರ ಒಬ್ಬಳ ಜೊತೆಗೇ, ಇಂಡಿಗೆ ಮದುವೆಯಾಗಿ ಹೋದ ದೊಡ್ಡಕ್ಕ ಅಬಿದಾಳ ಜೊತೆಗೆ.

ಅವರ ಕೈಭಾಷೆ ಸಾಲಿಯಲ್ಲಿ ಕಲಿತದ್ದಲ್ಲ. ಸಣ್ಣವರಿದ್ದಾಗ ಅಕ್ಕತಂಗಿ ಆಡುತ್ತಾಡುತ್ತಾ ತಾವೇ ಕಟ್ಟಿಕೊಂಡದ್ದು. ಅಬಿದಾಳ ಗಂಡನ ಮನೆಯವರು ಲಿಂಬೆ ತೋಟದವರಾದ್ದರಿಂದ, ಲಿಂಬೆಹಣ್ಣು ಹಿಂಡುವ ಹಾಗೆ ಮುಷ್ಟಿ ಬಿಗಿದರೆ ಅದು ಇಂಡಿ ಊರು ಎಂದಾಗಿತ್ತು. ಬರಬರುತ್ತಾ ಅದೇ ಅಬಿದಾಳ ಹೆಸರೂ ಆಯಿತು. ಜಾಹಿದನಿಗೂ ಈ ಭಾಷೆ ಬರುತ್ತಿತ್ತು, ಮನೆಯ ದಿನದ ವ್ಯವಹಾರಕ್ಕೆ ಸಾಕಾಗುವಷ್ಟು.

ಅಕ್ಕತಂಗಿಯರು ವಿಡಿಯೋ ಕಾಲ್ ಮಾಡುತ್ತಿದ್ದುದು ಜಾಹಿದನ ಫೋನಿನಲ್ಲಿ, ಅವನು ಕೆಲಸದಿಂದ ಬಂದ ಮೇಲೆ. ಗುಲನಾಜಳಿಗೆ ಮಾತಾಡಲು ಎರಡೂ ಕೈ ಬೇಕು, ಹಾಗಾಗಿ ಫೋನನ್ನು ಜಾಹಿದನೇ ಹಿಡಿದು ಕೂರುತ್ತಿದ್ದ. ದಣಿದು ಬಂದವನ ಕೈ ಮೆಲ್ಲಗೆ ಕೆಳಗಿಳಿಯುತ್ತಿತ್ತು, ಅತ್ತ ಇಂಡಿಯಲ್ಲಿ ಅಬಿದಾಳಿಗೆ ತಂಗಿಯ ಹಣೆ ಮಾತ್ರ ಕಾಣುತ್ತಿತ್ತು. ಕೈ ಕಂಡಾಗಲೂ ಬೆರಳುಗಳೆಲ್ಲ ತಿರುಗುವ ಫ್ಯಾನಿನ ಹಾಗೆ ಒಂದಾಗಿ ಕಲಸಿಹೋಗುತ್ತಿದ್ದವು. ಅದಕ್ಕಿಂತ ದೊಡ್ಡ ತೊಡಕೆಂದರೆ ಫೋನಿನ ಹಿಂದೆ ಯಾವಾಗಲೂ ಅಣ್ಣನ ಮುಖ ಇರುತ್ತಿತ್ತು. ಅಕ್ಕನಿಗೆ ಹೇಳಬೇಕಾದ ಎಷ್ಟೋ ಮಾತು ಅಣ್ಣನ ಮುಖ ನೋಡಿಕೊಂಡು ಹೇಳುವಂಥವಲ್ಲ.

ಶುಕ್ರವಾರ ಹೋದದ್ದು ಜಾಹಿದನ ಗೆಳೆಯ ಖಲೀಲನ ಅಂಗಡಿಗೆ. ಯಾರಿಗೆ ಫೋನು ಎಂದು ಖಲೀಲ ಜಾಹಿದನನ್ನು ಕೇಳಿದ. ತಂಗಿಗೆ ಎಂದಾಗ ಒಂದು ಗಟ್ಟಿಮುಟ್ಟಾದ ಫೋನು ತೆಗೆದಿಟ್ಟು, ಬ್ಯಾಟರಿ ಭಾಳ ಹೊತ್ತು ಬರುತ್ತದೆ, ಸ್ಪೀಕರ್ ಎಷ್ಟು ಜೋರೆಂದರೆ ಸಂತೆಯಲ್ಲಿ ನಿಂತರೂ ಕೇಳುತ್ತದೆ ಎಂದು ಹೊಗಳತೊಡಗಿದ. ಹೇಳಿದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡ.

ಗುಲನಾಜ ಆ ಫೋನನ್ನು ಕೌಂಟರಿನ ಮೇಲಿದ್ದ ಡಬ್ಬಿಗೆ ಒರಗಿಸಿದಳು. ಮುಂದಿನ ಕ್ಯಾಮೆರಾ ತೆರೆದು ತನ್ನ ಕೈಗಳನ್ನು ಆಡಿಸಿ ರೆಕಾರ್ಡ್ ಮಾಡಿದಳು, ಆಮೇಲೆ ಬಗ್ಗಿ ನೋಡಿದಳು. ಬೆರಳು ಕಲಸಿಹೋಗಿದ್ದವು. ತಲೆ ಅಲ್ಲಾಡಿಸಿ ಇನ್ನೊಂದಕ್ಕೆ ಕೈ ಚಾಚಿದಳು. ಅದರಲ್ಲೂ ಅದೇ. ಗಾಜಿನ ಹಿಂದಿದ್ದ ಬೇರೊಂದನ್ನು ತೋರಿಸಿದಾಗ ಖಲೀಲ ಅದನ್ನು ತೆಗೆಯಲೇ ಇಲ್ಲ. ಅದು ತಮ್ಮ ಫೋಟೋ ತಾವೇ ತೆಗೆದುಕೊಳ್ಳುವ ಕಾಲೇಜು ಹುಡುಗಿಯರ ಫೋನು, ಇವಳಿಗೆ ಅಷ್ಟು ಯಾಕೆ ಎಂದು ಜಾಹಿದನಿಗೆ ಹೇಳಿದ. ಜಾಹಿದನಿಗೂ ಹೌದೆನ್ನಿಸಿತು. ಮೊದಲು ತೋರಿಸಿದ್ದನ್ನೇ ಕಟ್ಟಲು ಹೇಳಿದ.

ಗುಲನಾಜ ತನ್ನ ಹೊಲಿಗೆಯ ಗಳಿಕೆ ಇದ್ದ ಪರ್ಸನ್ನು ಎದೆಗೆ ಒತ್ತಿ ಹಿಡಿದು ಅಂಗಡಿಯಿಂದ ಹೊರಗೆ ನಡೆದುಬಿಟ್ಟಳು.

ಗೆಳೆಯನ ಮುಂದೆ ಮುಖಭಂಗವಾದಂತಾಗಿ ಜಾಹಿದ ದಾರಿಯುದ್ದಕ್ಕೂ ಸಿಟ್ಟಿನಲ್ಲಿ ಗಾಡಿ ಓಡಿಸಿದ. ತನಗೆ ಏನು ಬೇಕು ಅಂತ ಅವಳಿಗೇ ಗೊತ್ತಿಲ್ಲ ಎಂದು ಮನೆಯಲ್ಲಿ ಹೆಂಡತಿಗೆ ಹೇಳಿದ. ಗೊತ್ತಿತ್ತು. ಆದರೆ ಅದನ್ನು ಹೇಳಲು ಅವನಿಗೆ ತಿಳಿಯುವ ಸನ್ನೆಗಳು ಸಾಲುತ್ತಿರಲಿಲ್ಲ.

ಮುಂದಿನ ವಾರ ಗುಲನಾಜ ಅಕ್ಕನ ಮನೆಗೆ ಹೋಗಿ ಬರುತ್ತೇನೆಂದು ಹೊರಟಳು. ವರ್ಷಕ್ಕೊಮ್ಮೆ ಹೋಗುವ ರೂಢಿಯೇ. ಜಾಹಿದ ಬಸ್ಸು ಹತ್ತಿಸಿ ಕಂಡಕ್ಟರನಿಗೆ ಹೇಳಿ ಕಳಿಸಿದ, ಸಿಟ್ಟು ಇನ್ನೂ ಪೂರಾ ಇಳಿದಿರಲಿಲ್ಲ. ಅವಳು ಸಿಂದಗಿಯಲ್ಲಿ ಬಸ್ಸು ಬದಲಿಸಿ ಇಂಡಿ ಮುಟ್ಟಿ, ಚಹಾ ಕುಡಿಯುವುದಕ್ಕೂ ಮೊದಲೇ ಅಕ್ಕನಿಗೆ ಫೋನಿನ ಕಥೆಯೆಲ್ಲ ಹೇಳಿದಳು. ಅಬಿದಾ ಮರುದಿನವೇ ಅವಳನ್ನು ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಕರೆದುಕೊಂಡು ಹೋದಳು.

ಅಲ್ಲಿ ಕೌಂಟರಿನಲ್ಲಿದ್ದವಳು ಕಾವೇರಿ ಎಂಬ ಹುಡುಗಿ. ಅಬಿದಾ ತಂಗಿಯ ಪರವಾಗಿ ಹೇಳಲು ಶುರು ಮಾಡಿದಳು. ಕಾವೇರಿ ಎಲ್ಲ ಕೇಳಿಸಿಕೊಂಡಳು, ಆದರೆ ಕೇಳಿ ಮುಗಿದ ಮೇಲೆ ತಿರುಗಿದ್ದು ಗುಲನಾಜಳ ಕಡೆಗೆ. ಹುಬ್ಬು ಎತ್ತಿ, ನೀವೇ ತೋರಿಸಿರಿ ಎನ್ನುವಂತೆ ಅಂಗೈ ಚಾಚಿದಳು. ಗುಲನಾಜ ಕೈಗಳನ್ನು ಬೇಗಬೇಗನೆ ಆಡಿಸಿ ಕಣ್ಣು ಮುಟ್ಟಿಕೊಂಡಳು, ಕೈ ಕಾಣಬೇಕು. ಆಮೇಲೆ ಸೊಂಟದ ಹತ್ತಿರ ಅಂಗೈ ಇಟ್ಟು ನಡುಗಿಸಿದಳು, ಕಾಲ್ ಬಂದರೆ ಮೈಗೆ ತಿಳಿಯಬೇಕು. ಕಾವೇರಿಗೆ ಎರಡೂ ತಿಳಿದವು.

ಅವಳು ಫೋನುಗಳನ್ನು ಒಂದೊಂದಾಗಿ ವೈಬ್ರೇಟಿಗೆ ಹಾಕಿ ಗುಲನಾಜಳ ಕೈಗೆ ಕೊಟ್ಟಳು. ಒಂದು ಫೋನು ನೊಣ ಕೂತ ಹಾಗೆ ಸಣ್ಣಗೆ ಅದುರಿತು, ಹೊಲಿಗೆ ಮಷೀನಿನ ನಡುಕದಲ್ಲಿ ಅದು ತಿಳಿಯುವಂತಿರಲಿಲ್ಲ. ಇನ್ನೊಂದು ಮೊಣಕೈವರೆಗೂ ತಾಗಿತು, ಗುಲನಾಜ ಬೆಚ್ಚಿ ನಕ್ಕಳು. ಅವಳಿಗೆ ಈ ಆರಿಸುವ ಕೆಲಸವೇ ಹಿಗ್ಗು ತರುತ್ತಿತ್ತು. ಗಿಣಿ ಬಣ್ಣದ ಬೆನ್ನಿನ ಫೋನೊಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು, ಕೆನ್ನೆಗೆ ಒತ್ತಿ ಅದರ ತಂಪು ನೋಡಿದಳು. ಬಟ್ಟೆ ಅಂಗಡಿಯಲ್ಲಿ ರೇಷ್ಮೆಯ ಮೇಲೆ ಕೈ ಆಡಿಸುವಂತೆ ಪರದೆಯ ಮೇಲೆ ಬೆರಳು ಜಾರಿಸಿದಳು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಅವಳ ಮುಂದೆ ಮೂರು ಉಳಿದವು.

ರೆಕಾರ್ಡ್ ಮಾಡಿ ನೋಡುವುದು ಬೇರೆ, ಕಾಲ್ ಮಾಡುವುದು ಬೇರೆ ಎಂದಳು ಅಬಿದಾ. ತಾನು ರಸ್ತೆಯ ಆಚೆ ಹೋಗಿ ನಿಲ್ಲುತ್ತೇನೆ, ಅಲ್ಲಿಂದ ಮಾತಾಡಿ ನೋಡೋಣ ಎಂದು ಹೋಗಿ, ಲಿಂಬು ಸೋಡಾ ಮಾರುವವನ ಬಂಡಿಯಲ್ಲಿ ಗಾಜಿನ ಭರಣಿಗೆ ತನ್ನ ಫೋನು ಒರಗಿಸಿ ನಿಂತಳು. ಇತ್ತ ಕಾವೇರಿ ಅಂಗಡಿಯ ಇಂಟರ್ನೆಟ್ ಜೋಡಿಸಿ ಕೊಟ್ಟಳು.

ಮೊದಲನೆಯ ಫೋನಿನಲ್ಲಿ ಅಬಿದಾಳ ಕೈ ಚೂರುಚೂರಾಗಿ ಕಂಡಿತು. ಎರಡನೆಯದರಲ್ಲಿ ಕೈ ಸರಿಯಿತ್ತು, ಆದರೆ ಚಿತ್ರ ನಿಂತು ನಿಂತು ಹೋಗುತ್ತಿತ್ತು. ಮೂರನೆಯದು ಆ ಗಿಣಿ ಬಣ್ಣದ್ದು. ಅದರಲ್ಲಿ ಅಕ್ಕನ ಬಳೆಗಳೂ, ಸೀಳಿದ ಒಂದು ಉಗುರೂ ಕಂಡವು. ಅತ್ತ ಅಕ್ಕನಿಗೂ ತಂಗಿಯ ಬೆರಳುಗಳು ಬಿಡಿಬಿಡಿಯಾಗಿ ಕಂಡವು. ಇಬ್ಬರೂ ಮೊದಲು ಸೋಡಾದವನ ಮೀಸೆಯ ಬಗ್ಗೆ ಮಾತಾಡಿ ನಕ್ಕರು, ಆಮೇಲೆ ಬಿರಿಯಾನಿ ಬಗ್ಗೆ. ಇನ್ನೂ ಮಾತಾಡು, ಸ್ವಲ್ಪ ಹೊತ್ತು ನಡೆದರೇ ಗೊತ್ತಾಗುವುದು ಎಂದಳು ಅಬಿದಾ.

ಗುಲನಾಜ ಸುತ್ತ ನೋಡಿದಳು. ಅಂಗಡಿಯಲ್ಲಿದ್ದ ಗಿರಾಕಿಗಳು ತಮ್ಮ ಕೆಲಸ ಬಿಟ್ಟು ಅವಳ ಕೈಗಳನ್ನೇ ನೋಡುತ್ತಿದ್ದರು. ಅವರಲ್ಲಿ ಒಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಫೋನು ಕೌಂಟರಿನ ಮೇಲೆ ತಾನೇ ನಿಂತಿತ್ತು, ಅದರ ಹಿಂದೆ ಯಾರ ಮುಖವೂ ಇರಲಿಲ್ಲ. ಎಷ್ಟೋ ದಿನದಿಂದ ಒಳಗಿಟ್ಟುಕೊಂಡದ್ದನ್ನು ಅವಳು ಆಗ ಹೇಳಿದಳು.

ಹೋದ ಚಳಿಗಾಲದಲ್ಲಿ ಬಸವನ ಬಾಗೇವಾಡಿಯಲ್ಲಿ ಅಂಗವಿಕಲರ ಕಾರ್ಡ್ ಮಾಡಿಸುವ ಕ್ಯಾಂಪ್ ನಡೆದಿತ್ತು. ಜಾಹಿದ ಅವಳನ್ನು ಸಾಲಿನಲ್ಲಿ ನಿಲ್ಲಿಸಿ ಪರಿಚಯದವರನ್ನು ಕಾಣಲು ಹೋಗಿದ್ದ. ಅವಳ ಮುಂದೆ ನಿಂತಿದ್ದವನು ಮೈಬೂಬ, ಸಿಂದಗಿಯವನು, ಅವನಿಗೂ ಕಿವಿ ಕೇಳುವುದಿಲ್ಲ. ಗ್ಯಾರೇಜಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುತ್ತಾನೆ, ಅವತ್ತೂ ಉಗುರಿನಲ್ಲಿ ನೀಲಿ ಬಣ್ಣ ಇತ್ತು. ಕಿವುಡ ಮಕ್ಕಳ ಸಾಲಿಯಲ್ಲಿ ಓದಿದವನಾದ್ದರಿಂದ ಅವನ ಕೈಭಾಷೆ ಬೇರೆ. ಆದರೂ ಸಾಲು ಮುಂದೆ ಹೋಗುವಷ್ಟರಲ್ಲಿ ಅವನದು ಇವಳಿಗೆ, ಇವಳದು ಅವನಿಗೆ ಹತ್ತಿಬಿಟ್ಟಿತ್ತು. ಹೊರಡುವಾಗ ಅವನು ಅವಳ ಅಂಗೈಯಲ್ಲಿ ತನ್ನ ನಂಬರು ಬರೆದ. ಮನೆಗೆ ಹೋಗಿ ಕೈ ತೊಳೆಯುವ ಮೊದಲೇ ಅವಳು ಅದನ್ನು ಬಾಯಿಪಾಠ ಮಾಡಿಕೊಂಡಿದ್ದಳು. ನಿನ್ನೆ ಸಿಂದಗಿಯಲ್ಲಿ ಬಸ್ಸು ಬದಲಿಸುವಾಗ ಕಣ್ಣು ಅವನನ್ನೇ ಹುಡುಕಿತ್ತು.

ಕೊನೆಗೆ ಅವಳ ಕೈ ಹೇಳಿದ್ದು ಇಷ್ಟು: "ನನಗ ಅವನ್ನ ಮದಿವಿ ಆಗೂದೈತಿ."

ಪರದೆಯ ಮೇಲಿನ ಚಿತ್ರ ನಿಂತುಹೋಯಿತು. ಅಬಿದಾಳ ಒಂದು ಕೈ ಎತ್ತಿದಲ್ಲೇ ಇತ್ತು, ಬಾಯಿ ಅರ್ಧ ತೆರೆದಿತ್ತು. ಗುಲನಾಜ ಕಾದಳು. ಪರದೆಯನ್ನು ಬೆರಳಿನಿಂದ ತಟ್ಟಿದಳು. ಅಷ್ಟೆಲ್ಲ ಹೇಳಿದ್ದು ಅಕ್ಕನಿಗೆ ಮುಟ್ಟಿತೋ ಇಲ್ಲವೋ. ಕಾವೇರಿಯ ಕಡೆ ತಿರುಗಿ, ಇದೂ ನಿಂತಿತು ಎಂದು ಕೈ ಚೆಲ್ಲಿದಳು.

ಕಾವೇರಿ ಪರದೆ ನೋಡಿದಳು, ಆಮೇಲೆ ಬಾಗಿಲಿನಾಚೆ ನೋಡಿದಳು, ನೋಡಿ ಬೆರಳು ಮಾಡಿ ತೋರಿಸಿದಳು. ರಸ್ತೆಯ ಆಚೆ ಅಬಿದಾ ಹಾಗೇ ನಿಂತಿದ್ದಳು, ಒಂದು ಕೈ ಮೇಲೆ, ಬಾಯಿ ತೆರೆದು. ಅವಳ ಪಕ್ಕದಲ್ಲಿ ಸೋಡಾದವನು ಗ್ಲಾಸು ತೊಳೆಯುತ್ತಿದ್ದ. ಪರದೆಯಲ್ಲೂ ಅವನ ಕೈ ಆಡುತ್ತಿತ್ತು. ನಿಂತದ್ದು ಫೋನಲ್ಲ.

ಅಬಿದಾ ತನ್ನ ಫೋನನ್ನು ಬಂಡಿಯ ಮೇಲೇ ಬಿಟ್ಟು, ಅತ್ತಿತ್ತ ನೋಡದೆ ರಸ್ತೆ ದಾಟಿ ಬಂದಳು. ಸೋಡಾದವನು ಫೋನು ಹಿಡಿದುಕೊಂಡು ಹಿಂದೆ ಓಡಿ ಬಂದ. ತಂಗಿಯ ಎರಡೂ ಭುಜ ಹಿಡಿದು ಅಲುಗಿಸಿ, ಕೈ ಬಿಟ್ಟು ಅಬಿದಾ ಒಂದರ ಮೇಲೊಂದು ಕೇಳತೊಡಗಿದಳು. ಅವನಿಗೆ ಮೊದಲೇ ಹೆಂಡತಿ ಇದ್ದಾಳಾ, ಕುಡಿಯುತ್ತಾನಾ, ಮನೆಯಲ್ಲಿ ಯಾರ‍್ಯಾರು, ಅವನಿಗೂ ನೀನು ಬೇಕಾ. ಗುಲನಾಜ ಗೊತ್ತಿದ್ದಷ್ಟಕ್ಕೆ ಉತ್ತರ ಕೊಟ್ಟಳು. ಕೊನೆಯ ಪ್ರಶ್ನೆಗೆ ಕಣ್ಣು ಕೆಳಗೆ ಹಾಕಿ ಹೌದೆಂದಳು. ಅಬಿದಾ ಅವಳನ್ನು ಅಪ್ಪಿಕೊಂಡಳು.

ಗಿರಾಕಿಗಳಿಗೆ ಏನಾಯಿತೆಂದು ತಿಳಿಯಲಿಲ್ಲ. ಕಾವೇರಿ ಮೆತ್ತಗೆ ಕೇಳಿದಳು, "ಫೋನ್ ಸರಿ ಬರಲಿಲ್ಲೇನ್ರಿ ಅಕ್ಕಾರ?"

ಅಬಿದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಛಲೋ ಐತಿ ತಂಗಿ. ಇದನ್ನ ಕೊಡು."

ಆವತ್ತು ಸಂಜೆ ತೋಟದ ಬಾವಿಯ ಕಟ್ಟೆಯ ಮೇಲೆ ಫೋನು ಇಟ್ಟು ಗುಲನಾಜ ಬಾಯಿಪಾಠವಾಗಿದ್ದ ನಂಬರು ಒತ್ತಿದಳು. ಅತ್ತ ಮೈಬೂಬ ಕಂಡ, ಮುಖಕ್ಕೆಲ್ಲ ಕೆಂಪು ಬಣ್ಣ ಸಿಡಿದಿತ್ತು. ಅವಳನ್ನು ಗುರುತಿಸಿ ಕೈಯಲ್ಲಿದ್ದ ಸ್ಪ್ರೇ ಗನ್ ಕೆಳಗಿಟ್ಟ, ಎಷ್ಟು ವೇಗವಾಗಿ ಮಾತಾಡಿದನೆಂದರೆ ನಿಧಾನ ಎಂದು ಅವಳೇ ಹೇಳಬೇಕಾಯಿತು. ದಿನಾ ನಂಬರು ಗೊತ್ತಿಲ್ಲದ ಕಾಲ್ ಬಂದಾಗಲೆಲ್ಲ ನೀನಿರಬಹುದೆಂದು ಎತ್ತುತ್ತಿದ್ದೆ, ಗ್ಯಾರೇಜಿನವರಿಗೆ ಕೊಟ್ಟು ಕೇಳಿಸಿದರೆ ಬ್ಯಾಂಕಿನವರೇ ಇರುತ್ತಿದ್ದರು ಎಂದ. ದೂರ ಲಿಂಬೆ ಆರಿಸುತ್ತಾ ಕೂತಿದ್ದ ಅಬಿದಾ ಬೇಕೆಂದೇ ಈ ಕಡೆ ನೋಡಲಿಲ್ಲ.

ಮುದ್ದೇಬಿಹಾಳಕ್ಕೆ ಮರಳಿದ ಮೇಲೆ ಗುಲನಾಜ ಕತ್ತರಿಸಿದ ಬಟ್ಟೆಯ ಚೂರು ತುಂಬಿ ಫೋನಿಗೆ ಕೂರಲು ಸಣ್ಣ ಗಾದಿ ಹೊಲಿದಳು. ಹೊಲಿದ ಜಂಪರಗಳ ಫೋಟೋ ತೆಗೆದಳು, ಎಲ್ಲೆಲ್ಲೋ ಇರುವ ಕಿವುಡ ಹೆಂಗಸರು ಕೈಯಲ್ಲಿ ಹೇಳಿಕೊಡುವ ಕಸೂತಿಯ ವಿಡಿಯೋ ನೋಡಿದಳು. ಅತ್ತಿಗೆಯೂ ಬಂದು ಪಕ್ಕದಲ್ಲಿ ಕೂತು ನೋಡತೊಡಗಿದಳು.

ಜಾಹಿದನಿಗೆ ವಿಷಯ ಹೇಳಿದವಳು ಅಬಿದಾ. ತಂಗಿ ತನ್ನಿಂದ ಮುಚ್ಚಿಟ್ಟಳಲ್ಲ ಎಂಬುದೇ ಅವನಿಗೆ ಹೆಚ್ಚು ನೋವಾದದ್ದು. ಆಮೇಲೆ ಅಕ್ಕನನ್ನು ಕೇಳಿದ, "ಇಬ್ಬರಿಗೂ ಮಾತು ಬರಂಗಿಲ್ಲ. ಸಂಸಾರ ಹ್ಯಾಂಗ ಮಾಡ್ತಾರ ಆಪಾ?"

"ಮಾತು ಬರ್ತೈತೋ ಅವ್ರಿಗಿ. ನಿನಗ ತಿಳಿಯಂಗಿಲ್ಲ ಅಷ್ಟ," ಎಂದಳು ಅಬಿದಾ.

ಒಂದು ಭಾನುವಾರ ಜಾಹಿದ ಯಾರಿಗೂ ಹೇಳದೆ ಸಿಂದಗಿಗೆ ಹೋದ. ಗ್ಯಾರೇಜಿನವರನ್ನೂ ಓಣಿಯವರನ್ನೂ ವಿಚಾರಿಸಿದ, ಎಲ್ಲರೂ ಒಳ್ಳೆಯದನ್ನೇ ಹೇಳಿದರು. ಆದರೆ ಮೈಬೂಬನ ಎದುರು ಕೂತಾಗ ಹೇಗೆ ಮಾತಾಡಬೇಕೆಂದು ತೋಚಲಿಲ್ಲ. ಇಬ್ಬರೂ ಚಹಾ ಕುಡಿದರು. ಮೈಬೂಬನೇ ಕೊನೆಗೆ ತನ್ನ ಫೋನು ತೆಗೆದು ಗುಲನಾಜಳಿಗೆ ವಿಡಿಯೋ ಕಾಲ್ ಮಾಡಿದ. ಅಣ್ಣನ ಪ್ರಶ್ನೆಗಳನ್ನು ಅವನ ಅರೆಬರೆ ಸನ್ನೆ, ತುಟಿ ನೋಡಿ ತಿಳಿದುಕೊಂಡು, ತನ್ನನ್ನೇ ಮದುವೆಯಾಗಬೇಕಾದವನಿಗೆ ಅವಳೇ ದಾಟಿಸಬೇಕಾಯಿತು. ಕುಡಿಯುತ್ತಾನಾ ಎಂಬುದನ್ನು ಕೇಳುವಾಗ ಅವಳ ಮುಖ ಕೆಂಪಾಯಿತು. ಚಹಾ ಮಾತ್ರ, ಅದು ಸ್ವಲ್ಪ ಜಾಸ್ತಿ ಎಂದು ಮೈಬೂಬ ಒಪ್ಪಿಕೊಂಡ.

ಮಾತಿನ ನಡುವೆ ಮೈಬೂಬ ಮತ್ತೆ ಮತ್ತೆ ತನ್ನ ಬಲಗಿವಿ ಹಿಡಿದು ಮುಂದಕ್ಕೆ ಎಳೆಯುತ್ತಿದ್ದ. ಅದೇನು ಎಂದು ಜಾಹಿದ ಕೇಳಿದ. ಗುಲನಾಜ ನಕ್ಕು ಅಣ್ಣನ ಕಡೆ ಬೆರಳು ಮಾಡಿದಳು. ಅದು ನೀನು. ಸಣ್ಣವನಿದ್ದಾಗ ನಿನ್ನ ಕಿವಿ ಮುಂದಕ್ಕೆ ಚಾಚಿದ್ದವು, ಅದಕ್ಕೇ ಅಬಿದಾ ಆಪಾ ಈ ಹೆಸರು ಇಟ್ಟಳು.

ತಂಗಿಯ ಭಾಷೆಯಲ್ಲಿ ತನಗೊಂದು ಹೆಸರಿದೆ ಎಂದು ಜಾಹಿದನಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಅವನು ಕಿವಿ ಮುಟ್ಟಿಕೊಂಡ. ಆಮೇಲೆ ಮೈಬೂಬನ ಹೆಸರು ಏನೆಂದು ಕೇಳಿ, ಉಗುರಿನ ಮೇಲೆ ಬೆರಳಿನಿಂದ ಬಣ್ಣ ಬಳಿಯುವ ಸನ್ನೆಯನ್ನು ಅವಳಿಂದ ಕಲಿತ. ಒಂದೆರಡು ಸಲ ತಪ್ಪಿತು. ಸರಿ ಬಂದ ಮೇಲೆ ಎದುರಿಗೆ ಕೂತವನನ್ನು ಅದೇ ಹೆಸರಿನಿಂದ ಕರೆದು, ಬರುವ ಶುಕ್ರವಾರ ಹಿರಿಯರನ್ನು ಕರೆದುಕೊಂಡು ಮುದ್ದೇಬಿಹಾಳಕ್ಕೆ ಬಾ ಎಂದು ತಂಗಿಯ ಕೈಯಿಂದ ಹೇಳಿಸಿದ.

ರಂಜಾನ್ ಮುಗಿದ ಮೇಲೆ ನಿಕಾಹ್ ಆಯಿತು. ಗುಲನಾಜ ಮಷೀನಿನ ಸಮೇತ ಸಿಂದಗಿಗೆ ಹೋದಳು, ಈಗ ಗ್ಯಾರೇಜಿನ ಹಿಂದಿನ ಮನೆಯಲ್ಲಿ ಹೊಲಿಯುತ್ತಾಳೆ.